ಭಾರತದ ಪ್ರಧಾನಮಂತ್ರಿಗಳ ಅಧಿಕಾರಾವಧಿ

ಸ್ವತಂತ್ರ ಭಾರತದ ಪ್ರಧಾನಿಗಳಲ್ಲಿ ಯಾರು ಎಷ್ಟು ಕಾಲ ಅಧಿಕಾರದಲ್ಲಿದ್ದರು, ಆ ಕಾಲ ಹಿಗ್ಗಿದ್ದು ಕುಗ್ಗಿದ್ದು ಹೇಗೆ ಎಂಬುದರ ಚರಿತ್ರೆ. 1947ರ ಆಗಸ್ಟ್ 15ರಿಂದ ಈಚೆಗೆ 15 ಮಂದಿ ಈ ಹುದ್ದೆಯಲ್ಲಿ ಕುಳಿತಿದ್ದಾರೆ. ಎರಡು ಸಲ ಹಂಗಾಮಿಯಾಗಿ ಬಂದುಹೋದ ಗುಲ್ಜಾರಿಲಾಲ್ ನಂದಾ ಅವರನ್ನು ಬಿಟ್ಟರೆ 14. ಅತಿ ದೀರ್ಘ ಅವಧಿ ಜವಾಹರಲಾಲ್ ನೆಹರು ಅವರದು: 16 ವರ್ಷ 286 ದಿನ. ನಂದಾ ಅವರ ತಲಾ 13 ದಿನಗಳ ಎರಡು ಅವಧಿಗಳನ್ನು ಪಕ್ಕಕ್ಕಿಟ್ಟರೆ, ಅತಿ ಕಿರಿದಾದದ್ದು 1996ರ ಅಟಲ್ ಬಿಹಾರಿ ವಾಜಪೇಯಿ ಅವರ ಮೊದಲ ಸರ್ಕಾರ.

ಸಂವಿಧಾನದಲ್ಲಿ

ಪ್ರಧಾನಿಯ ಅವಧಿ ಐದು ವರ್ಷ ಎಂಬುದು ರೂಢಿಯ ಮಾತು. ಸಂವಿಧಾನದಲ್ಲಿ ಹಾಗೆ ಎಲ್ಲಿಯೂ ಇಲ್ಲ. 83ನೇ ವಿಧಿ ಹೇಳುವ ಐದು ವರ್ಷ ಲೋಕಸಭೆಯದು. ಪ್ರಧಾನಿಯನ್ನು ಕುರಿತ 75ನೇ ವಿಧಿಯ ಪ್ರಕಾರ ಅವರನ್ನು ನೇಮಿಸುವವರು ರಾಷ್ಟ್ರಪತಿ, ಸಚಿವರು ಹುದ್ದೆಯಲ್ಲಿರುವುದು ರಾಷ್ಟ್ರಪತಿಯ ಇಚ್ಛೆ ಇರುವವರೆಗೆ, ಸಚಿವ ಸಂಪುಟ ಸಾಮೂಹಿಕವಾಗಿ ಹೊಣೆಯಾಗಿರುವುದು ಲೋಕಸಭೆಗೆ. ಈ ಮೂರನ್ನೂ ಸೇರಿಸಿ ಓದಿದರೆ ಅರ್ಥ ಇಷ್ಟೇ: ಲೋಕಸಭೆಯಲ್ಲಿ ಬಹುಮತ ಇರುವಷ್ಟು ದಿನ ಪ್ರಧಾನಿ ಇರಬಹುದು, ಅದು ತಪ್ಪಿದ ದಿನ ಹೋಗಬೇಕು. ಎಷ್ಟು ಸಲ ಬೇಕಾದರೂ ಮರಳಿ ಬರಬಹುದು. ಅಮೆರಿಕದಲ್ಲಿ 1951ರ 22ನೇ ತಿದ್ದುಪಡಿ ಒಬ್ಬರು ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರಾಗಿ ಚುನಾಯಿತರಾಗದಂತೆ ತಡೆಯಿತು. ಅಂಥ ಮೇಲ್ಮಿತಿ ಭಾರತದಲ್ಲಿಲ್ಲ. ಇಷ್ಟು ದಿನ ಇರಿಸಿಯೇ ತೀರುತ್ತೇವೆ ಎಂಬ ಭರವಸೆಯೂ ಇಲ್ಲ.

ಇದು ಕೈತಪ್ಪಿನಿಂದ ಉಳಿದ ಖಾಲಿ ಜಾಗವಲ್ಲ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ಸಭೆಯ ಮುಂದಿಟ್ಟ ಬಿ.ಆರ್. ಅಂಬೇಡ್ಕರ್, ಸ್ಥಿರತೆ ಮತ್ತು ಹೊಣೆಗಾರಿಕೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಕೊಡುವ ವ್ಯವಸ್ಥೆ ಯಾವುದೂ ಇಲ್ಲ, ಕರಡು ಸಮಿತಿ ಹೊಣೆಗಾರಿಕೆಯ ಕಡೆ ವಾಲಿದೆ ಎಂದು ವಿವರಿಸಿದರು. ಚುನಾವಣೆ ಬಂದಾಗ ಜನ ಮಾಡುವ ಪರೀಕ್ಷೆ ಒಂದು, ಸದನದಲ್ಲಿ ಪ್ರಶ್ನೆ, ನಿರ್ಣಯ, ಚರ್ಚೆಗಳ ಮೂಲಕ ದಿನದಿನವೂ ನಡೆಯುವ ಪರೀಕ್ಷೆ ಇನ್ನೊಂದು. ಎರಡನೆಯದೇ ಹೆಚ್ಚು ಪರಿಣಾಮಕಾರಿ ಎಂಬುದು ಅವರ ವಾದ. ಪ್ರಧಾನಿಯ ಅವಧಿಗೆ ಅಂಕೆ ಹಾಕದೆ ಬಿಟ್ಟಿದ್ದರ ಹಿಂದಿನ ತರ್ಕ ಇದೇ. ಆ ದಿನದಿನದ ಪರೀಕ್ಷೆ ಗಟ್ಟಿಯಾಗಿ ನಡೆದ ಕಾಲ ಯಾವುದು, ಹೆಸರಿಗಷ್ಟೇ ಉಳಿದ ಕಾಲ ಯಾವುದು ಎಂಬುದನ್ನು ಅವಧಿಗಳ ಪಟ್ಟಿ ಹೇಳುವುದಿಲ್ಲ.

ಎಣಿಕೆಯ ತೊಡಕು

ದಿನಗಳ ಲೆಕ್ಕ ಕಾಣುವಷ್ಟು ಸರಳವಲ್ಲ. ನೆಹರು 1946ರ ಸೆಪ್ಟೆಂಬರ್ 2ರಿಂದಲೇ ಮಧ್ಯಂತರ ಸರ್ಕಾರದ ಮುಖ್ಯಸ್ಥರಾಗಿದ್ದರು. ಆದರೆ ಎಣಿಕೆ ಸ್ವಾತಂತ್ರ್ಯದ ದಿನದಿಂದ ಶುರುವಾಗುತ್ತದೆ. ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1951-52ರಲ್ಲಿ. ಹಾಗಾಗಿ ಅವರ ಅವಧಿಯ ಮೊದಲ ನಾಲ್ಕೂವರೆ ವರ್ಷ ವಯಸ್ಕ ಮತದಾನದ ತಳಹದಿ ಇಲ್ಲದ ಕಾಲ. ವಾಜಪೇಯಿ ಅವರ ಮೊದಲ ಸರ್ಕಾರವನ್ನು ಜನ ಇಂದಿಗೂ ‘13 ದಿನದ ಸರ್ಕಾರ’ ಎನ್ನುತ್ತಾರೆ. ಮೇ 16ರಂದು ಪ್ರಮಾಣವಚನ, 28ರಂದು ರಾಜೀನಾಮೆ ಎಂಬುದು ಆ ಲೆಕ್ಕ. ಜೂನ್ 1ರಂದು ಮುಂದಿನವರು ಬರುವವರೆಗೆ ಅವರೇ ಇದ್ದುದರಿಂದ ದಾಖಲೆಯಲ್ಲಿ 16 ದಿನ.

ಹೆಚ್ಚು ಗೊಂದಲ ತರುವುದು ಉಸ್ತುವಾರಿ ಸರ್ಕಾರದ ದಿನಗಳು. ಲೋಕಸಭೆ ವಿಸರ್ಜನೆಯಾದ ಮೇಲೆ ಪ್ರಧಾನಿ ಮುಂದುವರಿಯುವಂತಿಲ್ಲ ಎಂಬ ವಾದ 1971ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಯು.ಎನ್.ಆರ್. ರಾವ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಲಯ ವಾದವನ್ನು ತಳ್ಳಿಹಾಕಿತು. ರಾಷ್ಟ್ರಪತಿಗೆ ಸಲಹೆ ಕೊಡಲು ಸಚಿವ ಸಂಪುಟ ಸದಾ ಇರಲೇಬೇಕು ಎಂಬುದು ತೀರ್ಪಿನ ತಿರುಳು. ಹೀಗಾಗಿ ರಾಜೀನಾಮೆ ಕೊಟ್ಟವರ ದಿನಗಳೂ ಅವರ ಖಾತೆಗೇ ಸೇರುತ್ತವೆ. ಚರಣ್ ಸಿಂಗ್ ಅವರ 170 ದಿನಗಳಲ್ಲಿ ನಿಜವಾದ ಅಧಿಕಾರ 23 ದಿನ. ಸಂಸತ್ತನ್ನು ಒಮ್ಮೆಯೂ ಎದುರಿಸದೆ 1979ರ ಆಗಸ್ಟ್ 20ರಂದು ಅವರು ರಾಜೀನಾಮೆ ಕೊಟ್ಟರು. ಚಂದ್ರಶೇಖರ್ ಅವರ 223 ದಿನಗಳಲ್ಲಿ 107, ಐ.ಕೆ. ಗುಜ್ರಾಲ್ ಅವರ 332 ದಿನಗಳಲ್ಲಿ 111 ಉಸ್ತುವಾರಿಯ ದಿನಗಳು. ಉಸ್ತುವಾರಿ ಎಂದರೆ ಕಡತಕ್ಕೆ ಸಹಿ ಹಾಕುತ್ತ ಕೂರುವುದು ಎಂದುಕೊಳ್ಳಬೇಕಾಗಿಲ್ಲ. 1999ರ ಏಪ್ರಿಲ್‌ನಲ್ಲಿ ವಿಶ್ವಾಸಮತ ಕಳೆದುಕೊಂಡ ವಾಜಪೇಯಿ ಸರ್ಕಾರವೇ ಆ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆಸಿತು.

ಜನಸಾಮಾನ್ಯರ ಬಳಿ ಇದಕ್ಕಿಂತ ಸುಲಭವಾದ ಅಳತೆಗೋಲೊಂದಿದೆ: ಕೆಂಪುಕೋಟೆಯ ಮೇಲೆ ಎಷ್ಟು ಸಲ ಬಾವುಟ ಹಾರಿಸಿದರು ಎಂಬುದು. ನೆಹರು 17 ಸಲ, ಇಂದಿರಾ ಗಾಂಧಿ 16 ಸಲ, ಮನಮೋಹನ್ ಸಿಂಗ್ 10 ಸಲ. ನರೇಂದ್ರ ಮೋದಿ 2025ರ ಹೊತ್ತಿಗೆ 12 ಸಲ. ಸಂಸತ್ತಿನ ಮುಖ ನೋಡದ ಚರಣ್ ಸಿಂಗ್ ಅವರಿಗೆ ಒಂದು ಆಗಸ್ಟ್ 15 ಸಿಕ್ಕಿತು. ನವೆಂಬರ್‌ನಲ್ಲಿ ಬಂದು ಜೂನ್‌ನಲ್ಲಿ ಹೋದ ಚಂದ್ರಶೇಖರ್ ಅವರಿಗೆ ಅದೂ ಸಿಗಲಿಲ್ಲ.

ನೆಹರು ಕಾಲ

1952, 1957, 1962ರ ಮೂರೂ ಚುನಾವಣೆಗಳಲ್ಲಿ ಕಾಂಗ್ರೆಸ್ಸಿಗೆ ಭಾರಿ ಬಹುಮತ ಬಂತು. ಎದುರಾಳಿ ಪಕ್ಷಗಳು ಚೂರುಚೂರಾಗಿದ್ದವು. ಪಕ್ಷದೊಳಗೆ ಸಮನಾಗಿ ನಿಲ್ಲಬಲ್ಲ ಸರ್ದಾರ್ ಪಟೇಲ್ 1950ರಲ್ಲೇ ತೀರಿಕೊಂಡಿದ್ದರು. 1958ರಲ್ಲಿ ನೆಹರು ಸ್ವಲ್ಪ ಕಾಲ ಹುದ್ದೆ ಬಿಟ್ಟು ಹಗುರಾಗಬೇಕು ಎಂದಾಗ ಪಕ್ಷ ಒಪ್ಪಲಿಲ್ಲ. ದೀರ್ಘಾವಧಿ ಕೆಲವೊಮ್ಮೆ ಕುಳಿತವರ ಹಟದಿಂದಲ್ಲ, ಸುತ್ತಲಿನವರ ಅಂಜಿಕೆಯಿಂದ ಬೆಳೆಯುತ್ತದೆ ಎಂಬುದಕ್ಕೆ ಇದು ಉದಾಹರಣೆ. ಚೀನಾ ಯುದ್ಧದ ಸೋಲಿನ ನಂತರ, 1963ರ ಆಗಸ್ಟ್‌ನಲ್ಲಿ ಜೆ.ಬಿ. ಕೃಪಲಾನಿ ಲೋಕಸಭೆಯ ಮೊದಲ ಅವಿಶ್ವಾಸ ನಿರ್ಣಯ ತಂದರು. ಪರವಾಗಿ 62, ವಿರುದ್ಧವಾಗಿ 347 ಮತ. ಸೋಲು ಮೊದಲೇ ಗೊತ್ತಿದ್ದ ನಿರ್ಣಯ ಅದು; ಆದರೂ ಪ್ರಧಾನಿ ಸದನದಲ್ಲಿ ಕುಳಿತು ದಿನಗಟ್ಟಲೆ ಟೀಕೆ ಕೇಳಿದರು.

1964ರ ಮೇ 27ರಂದು ನೆಹರು ನಿಧನರಾದಾಗ ನಂದಾ ಪ್ರಮಾಣ ಸ್ವೀಕರಿಸಿ, ಜೂನ್ 9ರಂದು ಲಾಲ್ ಬಹಾದುರ್ ಶಾಸ್ತ್ರಿ ಅವರಿಗೆ ಜಾಗ ಬಿಟ್ಟರು. 1966ರ ಜನವರಿ 11ರಂದು ಶಾಸ್ತ್ರಿ ತಾಷ್ಕೆಂಟಿನಲ್ಲಿ ತೀರಿಕೊಂಡರು. ಮತ್ತೆ ನಂದಾ, ಮತ್ತೆ 13 ದಿನ. 1984ರ ಅಕ್ಟೋಬರ್ 31ರಂದು ಮಾತ್ರ ಈ ಪದ್ಧತಿ ಮುರಿಯಿತು. ಇಂದಿರಾ ಹತ್ಯೆಯಾದ ದಿನವೇ ರಾಷ್ಟ್ರಪತಿ ಜೈಲ್ ಸಿಂಗ್ ರಾಜೀವ್ ಗಾಂಧಿ ಅವರಿಗೆ ಪ್ರಮಾಣವಚನ ಬೋಧಿಸಿದರು.

ಇಂದಿರಾ ಗಾಂಧಿ: ಎರಡು ಅವಧಿ, ನಡುವೆ ಒಂದು ಸೋಲು

ಇಂದಿರಾ ಅವರ ಒಟ್ಟು ಅವಧಿ 15 ವರ್ಷ 350 ದಿನ. 1966ರ ಜನವರಿ 24ರಿಂದ 1977ರ ಮಾರ್ಚ್ 24ರವರೆಗೆ 11 ವರ್ಷ 59 ದಿನ, 1980ರ ಜನವರಿ 14ರಿಂದ ಸಾಯುವವರೆಗೆ 4 ವರ್ಷ 291 ದಿನ. ಮೊದಲ ಸಲ ಅವರು ಬಂದದ್ದು ಕಾಂಗ್ರೆಸ್ ಸಂಸದೀಯ ಪಕ್ಷದಲ್ಲಿ ಮೊರಾರ್ಜಿ ದೇಸಾಯಿ ಅವರನ್ನು 355-169 ಮತಗಳಿಂದ ಸೋಲಿಸಿ. ಅವರನ್ನು ಮುಂದೆ ತಂದ ಹಿರಿಯರೊಡನೆಯೇ ಕೆಲವು ವರ್ಷಗಳಲ್ಲಿ ಜಗಳ ಹತ್ತಿತು. ಜಗಳ ಬಹಿರಂಗಕ್ಕೆ ಬಂದದ್ದು 1969ರ ಜುಲೈನಲ್ಲಿ, ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದಲ್ಲಿ. ಅದೇ ವರ್ಷ ನವೆಂಬರ್ 12ರಂದು ಪಕ್ಷದ ಅಧ್ಯಕ್ಷರಾಗಿದ್ದ ಕನ್ನಡಿಗ ಎಸ್. ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಅಂಥ ಪ್ರಸಂಗ ಭಾರತದಲ್ಲಿ ಮತ್ತೊಂದಿಲ್ಲ. ಪಕ್ಷ ಹೊರಹಾಕಿದರೂ ಕುರ್ಚಿ ಹೋಗಲಿಲ್ಲ. ಕಮ್ಯುನಿಸ್ಟರು, ಡಿಎಂಕೆ ಮುಂತಾದವರ ಬೆಂಬಲದಿಂದ ಸದನದಲ್ಲಿ ಸಂಖ್ಯೆ ಉಳಿಯಿತು. 1971ರಲ್ಲಿ ಅವಧಿಗೆ ಮುಂಚೆಯೇ ಚುನಾವಣೆಗೆ ಹೋಗಿ 352 ಸ್ಥಾನ ಗೆದ್ದರು.

ಇಡೀ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಭಾಗ ಮುಂದಿನದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಇಂದಿರಾ ಅವರ ರಾಯಬರೇಲಿಯ ಗೆಲುವನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಇಲ್ಲಿಯೇ ಬಂಧನಕ್ಕೊಳಗಾಗಿ ಕೇಂದ್ರ ಕಾರಾಗೃಹ ಸೇರಿದರು. ಎಚ್.ಡಿ. ದೇವೇಗೌಡರೂ ಆ ಅವಧಿಯಲ್ಲಿ ಅದೇ ಜೈಲಿನ ಕೈದಿ. 1996ರಲ್ಲಿ ಒಬ್ಬರ ಹಿಂದೆ ಒಬ್ಬರು ಪ್ರಧಾನಿಯಾದ ಇಬ್ಬರನ್ನೂ ಬೆಂಗಳೂರಿನ ಜೈಲು ಕಂಡಿತ್ತು.

1971ರ ಮಾರ್ಚ್‌ನಲ್ಲಿ ರಚನೆಯಾದ ಐದನೇ ಲೋಕಸಭೆಯ ಆಯುಸ್ಸು 1976ರ ಮಾರ್ಚ್‌ಗೆ ಮುಗಿಯಬೇಕಿತ್ತು. ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗ ಒಮ್ಮೆಗೆ ಒಂದು ವರ್ಷದಂತೆ ಸದನದ ಅವಧಿ ವಿಸ್ತರಿಸಲು ಸಂವಿಧಾನದಲ್ಲಿ ಅವಕಾಶವಿದೆ. ಅದನ್ನು ಬಳಸಿಕೊಳ್ಳಲಾಯಿತು. ಮೇಲಾಗಿ 1976ರ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನೇ ಆರು ವರ್ಷಕ್ಕೆ ಏರಿಸಿತು. ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿದ್ದ ಸದನ ತನ್ನ ಆಯುಸ್ಸನ್ನು ತಾನೇ ಬೆಳೆಸಿಕೊಂಡಿತು. ಇಂದಿರಾ ಅವರ 11 ವರ್ಷ 59 ದಿನಗಳಲ್ಲಿ ಕೊನೆಯ ಸುಮಾರು ಒಂದು ವರ್ಷ ಮತದಾರ ಕೊಟ್ಟದ್ದಲ್ಲ, ಸದನ ಕೊಟ್ಟದ್ದು. ದಾಖಲೆಗಳನ್ನು ಹೋಲಿಸುವವರು ಈ ವರ್ಷವನ್ನು ಬೇರೆ ಬಣ್ಣದಲ್ಲಿ ಬರೆಯಬೇಕು. ಜನತಾ ಸರ್ಕಾರದ ಕಾಲದ 44ನೇ ತಿದ್ದುಪಡಿ ಅವಧಿಯನ್ನು ಮತ್ತೆ ಐದಕ್ಕಿಳಿಸಿತು.

1977ರಲ್ಲಿ ಇಂದಿರಾ ರಾಯಬರೇಲಿಯಲ್ಲಿ ರಾಜ್ ನಾರಾಯಣ್ ಅವರೆದುರು 55,000ಕ್ಕೂ ಹೆಚ್ಚು ಮತಗಳಿಂದ ಸೋತರು. ಉತ್ತರದಲ್ಲಿ ಕೊಚ್ಚಿಹೋದ ಕಾಂಗ್ರೆಸ್ಸಿಗೆ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಮರಳುವ ದಾರಿಯೂ ಇಲ್ಲಿಂದಲೇ ತೆರೆಯಿತು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರಿನಿಂದ 1978ರ ನವೆಂಬರ್‌ನ ಉಪಚುನಾವಣೆಯಲ್ಲಿ ಅವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಕಾಫಿ ತೋಟದ ಕೂಲಿಯಾಳುಗಳ ಹಾಡಿಗಳವರೆಗೆ ದೆಹಲಿಯ ಪತ್ರಕರ್ತರು ಅಲೆದ ಚುನಾವಣೆ ಅದು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಹಕ್ಕುಚ್ಯುತಿಯ ಆರೋಪದ ಮೇಲೆ ಉಚ್ಚಾಟಿಸಿದರೂ ಹೊತ್ತು ಮೀರಿತ್ತು. ಹದಿಮೂರು ತಿಂಗಳಲ್ಲಿ ಅವರು ಮತ್ತೆ ಪ್ರಧಾನಿ. ಸೋತ ವೀರೇಂದ್ರ ಪಾಟೀಲರು 1980ರಲ್ಲಿ ಅವರದೇ ಸಂಪುಟ ಸೇರಿದ್ದನ್ನು ಕರ್ನಾಟಕದ ರಾಜಕೀಯ ಬಲ್ಲವರು ಅಚ್ಚರಿಯೆಂದು ಎಣಿಸುವುದಿಲ್ಲ.

ನಡುವಣ ಜನತಾ ಸರ್ಕಾರದಲ್ಲಿ 81ರ ಹರೆಯದ ಮೊರಾರ್ಜಿ 2 ವರ್ಷ 126 ದಿನ ಇದ್ದರು. ಅವರನ್ನು ಕೆಡವಿದ್ದು ವಿರೋಧ ಪಕ್ಷವಲ್ಲ, ಸ್ವಂತ ಪಕ್ಷದ ಒಡಕು.

ಬೇಗ ಬೇಗ ಬದಲಾದ ದಶಕ

ರಾಜೀವ್ ಗಾಂಧಿ 5 ವರ್ಷ 32 ದಿನ ಇದ್ದು 1989ರ ಡಿಸೆಂಬರ್ 2ರಂದು ಇಳಿದರು. ಮುಂದಿನ ಕಾಲು ಶತಮಾನ ಯಾವ ಪಕ್ಷಕ್ಕೂ ಒಂಟಿ ಬಹುಮತ ಬರಲಿಲ್ಲ. ವಿ.ಪಿ. ಸಿಂಗ್ 343 ದಿನ. ಜನತಾ ದಳವನ್ನು ಒಡೆದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ ಬಂದ ಚಂದ್ರಶೇಖರ್, ಅದೇ ಬೆಂಬಲ ಅಲುಗಾಡಿದಾಗ ನಾಲ್ಕು ತಿಂಗಳೊಳಗೆ ರಾಜೀನಾಮೆ ಕೊಟ್ಟರು. ‘ಬಾಹ್ಯ ಬೆಂಬಲ’ ಎಂಬುದು ಆ ಕಾಲದ ಅತಿ ಅಪಾಯಕಾರಿ ವರವಾಗಿತ್ತು. ಪಿ.ವಿ. ನರಸಿಂಹ ರಾವ್ ಅಲ್ಪಮತದಲ್ಲಿ ಶುರು ಮಾಡಿ 4 ವರ್ಷ 330 ದಿನ ಉಳಿದದ್ದು ಈ ಹಿನ್ನೆಲೆಯಲ್ಲಿ ಸಾಹಸವೇ. ನೆಹರು ಕುಟುಂಬದ ಹೊರಗಿನ ಪ್ರಧಾನಿಯೊಬ್ಬರು ಸದನದ ಪೂರ್ತಿ ಅವಧಿ ದಾಟಿಸಿದ್ದು ಅದೇ ಮೊದಲು.

1996ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮ ಅತಿ ದೊಡ್ಡ ಪಕ್ಷದ ನಾಯಕರೆಂದು ವಾಜಪೇಯಿ ಅವರನ್ನು ಕರೆದರು. ಬಹುಮತ ಕೂಡಲಿಲ್ಲ. ಆಗ ಒಟ್ಟುಗೂಡಿದ ಸಂಯುಕ್ತ ರಂಗಕ್ಕೆ ನಾಯಕ ಬೇಕಾಗಿತ್ತು. ವಿ.ಪಿ. ಸಿಂಗ್ ಒಲ್ಲೆನೆಂದರು, ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಅಡ್ಡ ನಿಂತಿತು. ಕರ್ನಾಟಕದಲ್ಲಿ ಜನತಾ ದಳಕ್ಕೆ 16 ಸ್ಥಾನ ತಂದಿದ್ದ ಮುಖ್ಯಮಂತ್ರಿ ದೇವೇಗೌಡರ ಮೇಲೆ ಆಯ್ಕೆ ಬಂದು ನಿಂತಿತು. ಆಗ ಅವರು ಸಂಸತ್ ಸದಸ್ಯರೇ ಅಲ್ಲ, ರಾಮನಗರದ ಶಾಸಕ. ಆರು ತಿಂಗಳೊಳಗೆ ಸದಸ್ಯತ್ವ ಪಡೆಯಬೇಕೆಂಬ ನಿಯಮದಂತೆ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು.

ದೇವೇಗೌಡರು ಇದ್ದದ್ದು 324 ದಿನ. ಸೀತಾರಾಂ ಕೇಸರಿ ಅವರ ಕಾಂಗ್ರೆಸ್ 1997ರ ಮಾರ್ಚ್ ಕೊನೆಯಲ್ಲಿ ಬೆಂಬಲ ಹಿಂತೆಗೆಯಿತು, ಏಪ್ರಿಲ್ 11ರಂದು ವಿಶ್ವಾಸಮತ ಬಿದ್ದಿತು. ಆದರೆ ಆ ಹತ್ತೂವರೆ ತಿಂಗಳ ಫಲಗಳಿಗೆ ಹುದ್ದೆಗಿಂತ ಹೆಚ್ಚು ಬಾಳಿಕೆ ಬಂತು. 1996ರ ಡಿಸೆಂಬರ್ 12ರಂದು ಅವರು ಮತ್ತು ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಸಹಿ ಹಾಕಿದ ಗಂಗಾ ನೀರು ಹಂಚಿಕೆ ಒಪ್ಪಂದದ ಅವಧಿ 30 ವರ್ಷ. 1996ರ ಸೆಪ್ಟೆಂಬರ್‌ನಲ್ಲಿ ಅವರ ಸರ್ಕಾರ ಮೊದಲ ಬಾರಿ ಮಂಡಿಸಿದ ಮಹಿಳಾ ಮೀಸಲಾತಿಯ ವಿಚಾರ ಕಾನೂನಾದದ್ದು 2023ರಲ್ಲಿ. ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿಗೆ ಅಡ್ಡಲಾಗಿ ಬೋಗಿಬೀಲ್ ರೈಲು-ರಸ್ತೆ ಸೇತುವೆಗೆ ಅವರು 1997ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಿದರು. ಸುಮಾರು ಐದು ಕಿಲೋಮೀಟರ್ ಉದ್ದದ ಆ ಸೇತುವೆ ಉದ್ಘಾಟನೆಯಾದದ್ದು 2018ರ ಡಿಸೆಂಬರ್ 25ರಂದು. ಅಷ್ಟರಲ್ಲಿ ಗುಜ್ರಾಲ್, ವಾಜಪೇಯಿ, ಮನಮೋಹನ್ ಸಿಂಗ್ ಬಂದುಹೋಗಿ ಮೋದಿ ಬಂದಿದ್ದರು. ಅವಧಿ ಚಿಕ್ಕದಾದರೆ ಆಡಳಿತವೂ ಟೊಳ್ಳು ಎಂಬ ಅವಸರದ ತೀರ್ಮಾನಕ್ಕೆ ಈ ಉದಾಹರಣೆ ಒಗ್ಗುವುದಿಲ್ಲ.

ದಶಕದ ಕೊನೆಯ ಪತನ ಒಂದೇ ಮತದ್ದು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269-270ರಿಂದ ಸೋತಿತು. ಒಡಿಶಾದ ಮುಖ್ಯಮಂತ್ರಿಯಾಗಿದ್ದರೂ ಸಂಸದ ಸ್ಥಾನ ಬಿಡದಿದ್ದ ಗಿರಿಧರ್ ಗಮಾಂಗ್ ಬಂದು ಮತ ಹಾಕಿದರು, ನ್ಯಾಷನಲ್ ಕಾನ್ಫರೆನ್ಸಿನ ಸೈಫುದ್ದೀನ್ ಸೋಜ್ ತಮ್ಮ ಪಕ್ಷದ ಮಾತು ಮೀರಿ ವಿರುದ್ಧ ಹಾಕಿದರು. ಆ ಒಂದು ಮತ ಯಾರದು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

1998ರ ನಂತರ

1989ರ ಡಿಸೆಂಬರ್‌ನಿಂದ 1998ರ ಮಾರ್ಚ್‌ವರೆಗೆ, ಎಂಟು ವರ್ಷ ಚಿಲ್ಲರೆ ತಿಂಗಳಲ್ಲಿ ದೇಶ ಆರು ಪ್ರಧಾನಿಗಳನ್ನು ಕಂಡಿತು. ಅಲ್ಲಿಂದೀಚೆಗೆ ಕಂಡದ್ದು ಮೂವರನ್ನು ಮಾತ್ರ. ಈ ಬದಲಾವಣೆಗೆ ಕಾರಣ ಹಲವು. ಚುನಾವಣೆಗೆ ಮುಂಚೆಯೇ ಮೈತ್ರಿ ಮಾಡಿಕೊಂಡು ಸರ್ಕಾರದೊಳಗೇ ಪಾಲು ಕೊಡುವ ಪದ್ಧತಿ ಬೇರೂರಿತು. 1998ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಬೆಂಬಲದ ಪತ್ರಗಳನ್ನು ಕೇಳಿದ ಮೇಲೆಯೇ ವಾಜಪೇಯಿ ಅವರನ್ನು ನೇಮಿಸಿದರು. 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಮೂರನೇ ಒಂದರಷ್ಟು ಮಂದಿ ಪಕ್ಷ ಒಡೆಯಲು ಇದ್ದ ಸಂದಿಯನ್ನು 2003ರ 91ನೇ ತಿದ್ದುಪಡಿ ಮುಚ್ಚಿತು. ಬಹುಮತದ ನಿರ್ಣಯ ಸದನದಲ್ಲೇ ಆಗಬೇಕೆಂಬ ತತ್ವವನ್ನು ಗಟ್ಟಿ ಮಾಡಿದ್ದು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಹೂಡಿದ ಮೊಕದ್ದಮೆ. 1994ರ ಆ ತೀರ್ಪು ರಾಜ್ಯ ಸರ್ಕಾರಗಳ ವಜಾ ಕುರಿತದ್ದು. ಅದರ ಗಾಳಿ ದೆಹಲಿಗೂ ಬೀಸಿತು.

ವಾಜಪೇಯಿ ಅವರ ಎರಡನೇ ಕಂತು 6 ವರ್ಷ 64 ದಿನ. ಮನಮೋಹನ್ ಸಿಂಗ್ ಲೋಕಸಭೆಯ ಸದಸ್ಯರಾಗದೆಯೇ 10 ವರ್ಷ 4 ದಿನ ಪ್ರಧಾನಿಯಾಗಿದ್ದರು; 2008ರ ಜುಲೈ 22ರಂದು ಅಣು ಒಪ್ಪಂದದ ಬಿಕ್ಕಟ್ಟನ್ನು 275-256 ಮತಗಳಿಂದ ದಾಟಿದರು. 2014ರ ಮೇ 26ರಂದು ಬಂದ ಮೋದಿ 282 ಮತ್ತು 303 ಸ್ಥಾನಗಳ ಒಂಟಿ ಬಹುಮತದಲ್ಲಿ ಎರಡು ಅವಧಿ ಮುಗಿಸಿದರು. 2024ರಲ್ಲಿ 240ಕ್ಕಿಳಿದು, ಮಿತ್ರಪಕ್ಷಗಳೊಂದಿಗೆ ಜೂನ್ 9ರಂದು ಮೂರನೇ ಸಲ ಪ್ರಮಾಣ ಸ್ವೀಕರಿಸಿದರು. 2025ರ ಜುಲೈ 25ಕ್ಕೆ 4,078 ದಿನ ತುಂಬಿ, ಸತತ ಅವಧಿಯಲ್ಲಿ ಇಂದಿರಾ ಅವರನ್ನು ದಾಟಿ ನೆಹರು ನಂತರದ ಸ್ಥಾನಕ್ಕೆ ಬಂದರು. ಒಟ್ಟು ಅವಧಿಯಲ್ಲಿ ಇಂದಿರಾ ಅವರನ್ನು ಮೀರಲು 2030ರ ಮೇ ತಿಂಗಳವರೆಗೆ, ನೆಹರು ಅವರನ್ನು ಮೀರಲು 2031ರ ಮಾರ್ಚ್‌ವರೆಗೆ ಅಧಿಕಾರದಲ್ಲಿರಬೇಕು. ಎರಡಕ್ಕೂ ಇನ್ನೊಂದು ಸಾರ್ವತ್ರಿಕ ಚುನಾವಣೆ ಗೆಲ್ಲಲೇಬೇಕು.

2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾದ 129ನೇ ಸಂವಿಧಾನ ತಿದ್ದುಪಡಿ ಮಸೂದೆ, ಲೋಕಸಭೆ ಮತ್ತು ವಿಧಾನಸಭೆಗಳಿಗೆ ಒಟ್ಟಿಗೆ ಚುನಾವಣೆ ನಡೆಸುವ ಉದ್ದೇಶದ್ದು. ಅದರ ಪ್ರಕಾರ ನಡುವೆ ಸದನ ವಿಸರ್ಜನೆಯಾದರೆ ಹೊಸ ಸದನ ಐದು ವರ್ಷ ಬಾಳುವುದಿಲ್ಲ, ಹಿಂದಿನದರ ಉಳಿದ ಅವಧಿಯನ್ನಷ್ಟೇ ಮುಗಿಸುತ್ತದೆ. 1971ರಲ್ಲಿ ಇಂದಿರಾ ಮಾಡಿದಂತೆ ಅನುಕೂಲದ ಹೊತ್ತು ನೋಡಿ ಜನರ ಬಳಿಗೆ ಹೋಗಿ ಹೊಸ ಐದು ವರ್ಷ ಪಡೆಯುವ ದಾರಿ ಆಗ ಮುಚ್ಚುತ್ತದೆ. ಮಸೂದೆಯನ್ನು ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು. ಒಬ್ಬರು ಎಷ್ಟು ಸಲ ಪ್ರಧಾನಿಯಾಗಬಹುದು ಎಂಬುದಕ್ಕೆ ಅದರಲ್ಲಿಯೂ ಮಿತಿಯಿಲ್ಲ.